ಪ್ರಸಾದಕ್ಕ ಊಟ ಅಂತಾರೇನು?

ಸವಣೂರು
ತಾ. ೫ ಸಪ್ಟೆಂಬರ ೧೯೩೮

ದೋಸ್ತ ಕರಬಸಪ್ಪಗ ಕುತುಬುದ್ದೀನನ ಸಲಾಮು.

ಇಲ್ಲಿ ನಾನು, ಮಾಬೂಬಿ, ಹುಡುಗರು ಎಲ್ಲಾರೂ ಆರಾಮ ಅದೇವಿ. ನೀ ಹ್ಯಾಂಗದಿ ಅಂತ ಕೇಳಂಗಿಲ್ಲ. ಅದನ್ನ ನಿನ್ನ ಬಾಟ್ಲಿನ ಹೇಳೇತಿ.

ಕಂಡಕ್ಟರ ಗುದ್ಲೆಪ್ಪ ನಿನ್ನೆ ಸಂಜೀಕ ತಂದು ಕೊಟ್ಟ. "ಏನ್ರೀ ಕಂಪೌಂಡರ್ರ, ಹಾನಗಲ್ಲ ಸಾವ್ಕಾರ್ರು ಹದಿನೈದು ದಿನಕ್ಕೊಮ್ಮೆ ನಿಮಗ ಜೇನುತುಪ್ಪಾ ಕಳಸ್ತಾರಲ್ಲ, ನಮಗೂ ಒಂದು ಚಮಚಾ ಕೊಡ್ರಿ" ಅಂತಾನ. ಅವಗೇನು ಹೇಳ್ಲಿ ನಾನು? ಬಾಟ್ಲಿಗೆ ಅರಿವಿ ಸುತ್ತಿ ಕಳಸೋ ಅಂತ ಎಷ್ಟು ಸಲ ಬಡಕೋಬೇಕು?

ಹನ್ನೆರಡು ವರ್ಷಾತು ನಾ ಈ ದವಾಖಾನಿಯೊಳಗ ಕಂಪೌಂಡರಕಿ ಮಾಡಾಕತ್ತು. ನೀಲಿ ಔಷಧದಾಗ ಎಂಟು ಹನಿ ಉಚ್ಚಿ ಹಾಕಿ ಕುದಿಸಿದ್ರ, ಸಕ್ಕರಿ ಇಲ್ಲಂದ್ರ ನೀಲಿನ ಉಳೀತೈತಿ. ಸ್ವಲ್ಪ ಇದ್ರ ಹಸರು, ಹೆಚ್ಚಿದ್ರ ಹಳದಿ. ನಿಂದು ಹೆಂಚಿನಂಥಾ ಕೆಂಪು. ಹೋದ ಸಲಾನೂ ಕೆಂಪು, ಅದರ ಹಿಂದಿನ ಸಲಾನೂ ಕೆಂಪು. ನಮ್ಮ ಡಾಕ್ಟರ್ರು ಮೂಗಿನ ಮ್ಯಾಲಿನ ಚಸ್ಮಾ ತಗದು, "ನಿನ್ನ ಗೆಳೆಯಾ ಏನು ಬೆಲ್ಲದ ಗಾಣದಾಗ ಮಲಗ್ತಾನೇನೋ?" ಅಂತ ಕೇಳಿದ್ರು. ನನ್ನ ಮಾರಿ ಸಣ್ಣಾತು.

ಬಲಗಾಲ ಹೆಬ್ಬೆರಳಿನ ಗಾಯ ಮೂರು ತಿಂಗಳಾತು ಮಾಯವಲ್ದು. ದೀಪಾವಳಿಯೊಳಗ ಸಕ್ಕರಿ ಇಳೀಲಿಲ್ಲಂದ್ರ ಬೆರಳು ತಗೀಬೇಕಂತ ಡಾಕ್ಟರ್ರು ಅಂದಾರ. ಆಮ್ಯಾಲೂ ಇಳೀಲಿಲ್ಲಂದ್ರ ಕಾಲು. ನಿಮ್ಮಣ್ಣ ಪರಮೇಶಪ್ಪ ಇದ ಸಕ್ಕರಿ ಬ್ಯಾನ್ಯಾಗ, ಇದ ದಾರೀಲೆ ಹೋದದ್ದು ನಾ ಕಣ್ಣಾರೆ ನೋಡೇನಿ. ನಿನ್ನನ್ನ ಹಂಗ ನೋಡೂ ಆಸೆ ನನಗಿಲ್ಲ.

ಇನ್ನ ಮ್ಯಾಲೆ ಇನ್ಸುಲಿನ್ ಹತ್ತು ಗೆರಿ ಅಲ್ಲ, ಪಿಚಕಾರಿಯೊಳಗ ಇಪ್ಪತ್ತು ಗೆರಿ ತನಕ ಎಳಕೋ. ಬಾಟ್ಲಿ ಗಡಗಿ ನೀರಾಗ ತಂಪಿಗಿಡು. ಶ್ರಾವಣ ಮುಗೀತು, ಹುಗ್ಗಿ ಹೋಳಗಿ ನೆವಾನೂ ಮುಗೀತು. ಬಾಯಿ ಕಟ್ಟು.

ನಿನ್ನ
ಕುತುಬುದ್ದೀನ


ಹಾನಗಲ್ಲ
೧೨–೯–೩೮

ಕುತುಬು, ಶರಣು.

ನಿನ್ನ ಪತ್ರಾ ಓದಿ ಮೈಯೆಲ್ಲ ಉರೀತು. ಬಂಕಾಪುರದ ಸಾಲ್ಯಾಗ ನಿನಗ ಲೆಕ್ಕಾ ಬರತಿದ್ದಿಲ್ಲ, ನನ್ನ ಪಾಟಿ ನೋಡಿ ಬರೀತಿದ್ದಿ. ಇವತ್ತು ನೀ ನನಗ ಸಕ್ಕರಿ ಲೆಕ್ಕಾ ಹೇಳಾಂವ.

ಕೇಳು ನನ್ನ ಪಥ್ಯಾ. ಮುಂಜಾನಿ ಒಂದೂವರಿ ಜ್ವಾಳದ ರೊಟ್ಟಿ, ಪುಂಡಿಪಲ್ಲೆ. ಮಧ್ಯಾಹ್ನ ಎರಡು ರೊಟ್ಟಿ, ಹಾಗಲಕಾಯಿ, ನೀರ ಮಜ್ಜಿಗಿ. ಸಂಜೀಕ ಒಂದು ರೊಟ್ಟಿ, ಮೆಂತ್ಯಾಪಲ್ಲೆ. ಚಹಾ ಬಿಟ್ಟೇನಿ. ಅನ್ನ ಬಿಟ್ಟೇನಿ. ಹಾನಗಲ್ಲಾಗ ಭತ್ತದ ವ್ಯಾಪಾರ ಮಾಡಾಂವ ಅನ್ನ ಮುಟ್ಟಂಗಿಲ್ಲ ಅಂದ್ರ ಮಂದಿ, "ಸಾವ್ಕಾರ ಚೀಲದಾಗ ಏನೋ ಕಲಸ್ಯಾನ, ಅದಕ್ಕ ತಾ ತಿನ್ನವಲ್ಲ" ಅಂತಾರ. ಇಷ್ಟರ ಮ್ಯಾಲೆ ದಿನಾ ಎರಡು ಹೊತ್ತು ಕೆರಿ ತನಕ ನಡದು ಬರ್ತೇನಿ, ಈ ಹುಣ್ಣಿನ ಕಾಲು ಎಳಕೊಂಡು.

ಇಷ್ಟು ಮಾಡಿದ ಮ್ಯಾಲೆ ಸೂಜಿ ಕಡಿಮಿ ಆಗಬೇಕೋ ಹೆಚ್ಚಾಗಬೇಕೋ? ಹೇಳು ನೀನ! ಮುಂಜಾನಿ ಎದ್ದ ಕೂಡಲೇ ಆ ಸೂಜಿ ಕುದಿಸೂದು, ಆ ಸ್ಪಿರಿಟ್ಟು ಒರಸೂದು. ಮನಿಯೆಲ್ಲ ಸೆರೆ ಅಂಗಡಿ ವಾಸನಿ. ಆ ವಾಸನಿ ಮೈಗಿಟ್ಕೊಂಡು ಲಿಂಗ ಮುಟ್ಟಾಕ ಆಗಂಗಿಲ್ಲಂತ ಮೊದಲ ಸೂಜಿ ಮುಗಿಸಿ, ಆಮ್ಯಾಲೆ ಜಳಕಾ, ಆಮ್ಯಾಲೆ ಪೂಜಾ. ನಮ್ಮಾಕಿ ವೀರವ್ವ ಸೂಜಿ ಚುಚ್ಚೂ ಮುಂದ ಮಾರಿ ಆ ಕಡೆ ತಿರಗಸ್ತಾಳ. ಮಾರಿ ತಿರಗಿಸಿ ಚುಚ್ಚಿದ್ರ ಎಲ್ಲಿ ಬೇಕಲ್ಲಿ ಹೋಗತೈತಿ ಸೂಜಿ!

ನನಗ ಇರೂದು ಒಂದ ಹಟ. ಪಥ್ಯಾದ ಮ್ಯಾಲೆ ಈ ಬ್ಯಾನಿ ಇಳಿಸಿ ಸೂಜಿ ಬಿಡ್ತೇನಿ. ಸಾಯೂ ತನಕ ಬಾಟ್ಲಿ ಹಿಂದ ಹೋಗೂದು ಒಂದು ಬಾಳೇನೋ?

ಇಪ್ಪತ್ತು ಗೆರಿ ಹಾಕ್ಕೋತೇನಿ. ನೀ ಹೇಳಿದಿ ಅಂತ.

ಕರಬಸಪ್ಪ


ಸವಣೂರು
೬ ಅಕ್ಟೋಬರ ೧೯೩೮

ದೋಸ್ತ,

ಬನ್ನಿ ಬಂಗಾರ ಬಂತು, ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬಾಟ್ಲಿನೂ ಬಂತು. ಅದನ್ನ ಏನು ಮಾಡ್ಲಿ, ಹೇಳು.

ಕೆಂಪು! ಇಪ್ಪತ್ತು ಗೆರಿ ಹಾಕಿದ ಮ್ಯಾಲೂ ಕೆಂಪು. ಎರಡು ಸಲ ಕುದಿಸಿದೆ. ಔಷಧಾ ಹಳೇದಾಗಿರಬೇಕಂತ ಹೊಸಾದು ಒಡದೆ. ನನ್ನ ಉಚ್ಚಿನೂ ಹಾಕಿ ನೋಡಿದೆ, ನಂದು ನೀಲಿ. ಮತ್ತ ನಿಂದು ಹಾಕಿದೆ, ಕೆಂಪು. ಊರಿಗೆ ಬಂದಾಕಿ ನೀರಿಗೆ ಬರಲಾರದ ಇರ್ತಾಳೇನಪಾ?

ಪುಂಡಿಪಲ್ಲೆ ಅಂತ, ಹಾಗಲಕಾಯಿ ಅಂತ. ಹೇಳೂದು ಶಾಸ್ತ್ರ, ತಿನ್ನೂದು ಬದನಿಕಾಯಿ. ನೀ ಕದ್ದು ಏನೋ ತಿನ್ನಾಕತ್ತಿ. ಸಾಲ್ಯಾಗ ಮಾಸ್ತರ್ರ ಡಬ್ಬಿಯೊಳಗಿನ ಉಂಡಿ ತಿಂದು ನನ್ನ ಮ್ಯಾಲೆ ಹಾಕಿದಾಂವ ನೀನ. ವೀರವ್ವಕ್ಕನ್ನ ಕೇಳು, ಡಬ್ಬಿಗೆ ಕೀಲಿ ಹಾಕಾಕ ಹೇಳು.

ಡಾಕ್ಟರ್ರು ಮೂವತ್ತೈದು ಗೆರಿ ಅಂದ್ರು. ಇಷ್ಟು ಮದ್ದು ನಮ್ಮಲ್ಲಿ ಯಾರೂ ತಗೊಳ್ಳಂಗಿಲ್ಲ. ಪಥ್ಯಾದ ಮ್ಯಾಲೆ ಸೂಜಿ ಬಿಡ್ತೇನಿ ಅಂತೀಯಲ್ಲ, ಮೊದಲ ಪಥ್ಯಾ ಅನ್ನೂದೊಂದು ಮಾಡು, ಆಮ್ಯಾಲೆ ಹಟಾ ಮಾಡೀಯಂತ.

ಕುತುಬುದ್ದೀನ


ಹಾನಗಲ್ಲ
೧೩–೧೦–೩೮

ಕುತುಬುದ್ದೀನಗ,

ನನ್ನನ್ನ ಕಳ್ಳ ಅಂದಿ. ನಿನ್ನ ಬಿಟ್ಟು ಬ್ಯಾರೆ ಯಾರರ ಅಂದಿದ್ರ ಅವರ ಮನಿ ಹಾದಿ ತುಳೀತಿದ್ದಿಲ್ಲ.

ಕೊರಳಾಗಿನ ಲಿಂಗ ಹಿಡಕೊಂಡು ಹೇಳ್ತೇನಿ, ನನ್ನ ಊಟದಾಗ ಸಿಹಿ ಅನ್ನೂದು ಬಂದಿಲ್ಲ. ನನ್ನ ಇಡೀ ದಿನದ ಹಕೀಕತ ಬರೀತೇನಿ, ನೀನೂ ಓದು, ನಿಮ್ಮ ಡಾಕ್ಟರ್ರಿಗೂ ಓದಿ ಹೇಳು. ಎಲ್ಲಿ ಕದ್ದೇನಿ ತೋರಸ್ರಿ.

ಐದೂವರಿಗೆ ಏಳ್ತೇನಿ. ಸೂಜಿ. ಜಳಕಾ. ಅರ್ಧಾ ತಾಸು ಪೂಜಾ. ಲಿಂಗಕ್ಕ ನೈವೇದ್ಯಾ ತೋರಿಸಿ ಪ್ರಸಾದ ತಗೋತೇನಿ. ಅದು ನಮ್ಮಪ್ಪನ ಕಾಲದಿಂದ ನಡದು ಬಂದದ್ದು: ಸಕ್ಕರಿ ಹಾಕಿದ ಒಂದು ವಾಟಗಾ ಹಾಲು, ಎರಡು ಬಾಳಿಹಣ್ಣು, ಒಂದು ಹಿಡಿ ಉತ್ತತ್ತಿ. ಆಮ್ಯಾಲೆ ರೊಟ್ಟಿ ಪುಂಡಿಪಲ್ಲೆ. ಅಂಗಡಿ. ಮಧ್ಯಾಹ್ನ ಪೂಜಾ, ಮತ್ತ ಪ್ರಸಾದ, ಆಮ್ಯಾಲೆ ಊಟಾ, ಬರೇ ಹಾಗಲಕಾಯಿ. ಕೆರಿ ತನಕ ನಡಿಗಿ. ಸಂಜೀಕ ಪೂಜಾ, ಪ್ರಸಾದ, ಒಂದು ರೊಟ್ಟಿ. ಸೋಮವಾರ ಮಠದ ಅಯ್ಯನವರು ಬರ್ತಾರ, ಅವರಿಗೆ ಬೆಲ್ಲದ ಮಾದಲಿ ಎಡೆ ಮಾಡಿ, ಅವರದಾದ ಮ್ಯಾಲೆ ಪ್ರಸಾದ ಅಂತ ಒಂದು ಬಟ್ಟಲ ತಗೋತೇನಿ, ಊಟಕ್ಕ ಮಾತ್ರ ಅದ ಹಾಗಲಕಾಯಿ. ಆ ಕಹಿಗೆ ನಾಲಿಗಿ ಸತ್ತು ಹೋಗೇತಿ.

ಈಗ ಹೇಳು. ಎಲ್ಲೈತಿ ನಿನ್ನ ಬದನಿಕಾಯಿ?

ಕರಬಸಪ್ಪ


ಸವಣೂರು
೧೬ ಅಕ್ಟೋಬರ ೧೯೩೮

ಕರಬಸಪ್ಪ,

ಯಾ ಅಲ್ಲಾ! ಯಾ ಅಲ್ಲಾ!

ಪತ್ರಾ ಓದಿ ಗೋಡಿಗೆ ತಲಿ ಬಡಕೊಂಡೆ. ಮಾಬೂಬಿ ಓಡಿ ಬಂದು, "ಯಾರು ಹೋದ್ರು?" ಅಂದ್ಲು. "ಯಾರೂ ಹೋಗಿಲ್ಲ, ಒಬ್ಬಾಂವ ಹೋಗಾಕ ತಯಾರಿ ನಡಿಸ್ಯಾನ" ಅಂದೆ.

ಮೂರು ಹೊತ್ತು ಸಕ್ಕರಿ ಹಾಲು! ದಿನಾ ಆರು ಬಾಳಿಹಣ್ಣು! ಉತ್ತತ್ತಿ! ಸೋಮವಾರಕ್ಕೊಮ್ಮೆ ಮಾದಲಿ! ಇಷ್ಟು ತಿಂದು, ಮ್ಯಾಲೆ ಒಂದು ಹಾಗಲಕಾಯಿ ಇಟ್ಟು, ಪಥ್ಯಾ ಮಾಡೇನಿ ಅಂತ ಆಣಿ ಮಾಡ್ತೀಯಲ್ಲೋ! ಇದನ್ನ ಯಾಕ ಮೊದಲ ಬರೀಲಿಲ್ಲ? ನನಗ ಗೊತ್ತೈತಿ, "ನೀ ಊಟದ್ದು ಕೇಳಿದಿ, ಪ್ರಸಾದಕ್ಕ ಊಟ ಅಂತಾರೇನು?" ಅಂತಿ. ನಿನ್ನ ಹೊಟ್ಟಿಗೆ ಅದು ತಿಳೀತೈತೇನೋ? ನಿನ್ನ ರಕ್ತಕ್ಕ ತಿಳೀತೈತೇನೋ? ದೇವರು ತಿಂದು ಬಿಟ್ಟ ಸಕ್ಕರಿನೂ ಸಕ್ಕರಿನ.

ನಾನು ಕೋಣನ ಮುಂದ ಕಿನ್ನರಿ ಬಾರಿಸೇನಿ, ಎಂಟು ತಿಂಗಳು. ಡಾಕ್ಟರ್ರ ಮುಂದ ನಿನ್ನ ಪರವಾಗಿ ಮಾತಾಡೇನಿ. "ಅಂವ ಸುಳ್ಳ ಹೇಳಂಗಿಲ್ರಿ, ಮದ್ದ ಸಾಲವಲ್ದು" ಅಂತ ಗೆರಿ ಮ್ಯಾಲೆ ಗೆರಿ ಏರಿಸೇನಿ. ನೀ ಒಂದು ಕಡಿಂದ ಸುರುವೂದು, ನಾ ಇನ್ನೊಂದು ಕಡಿಂದ ಬಳಿಯೂದು. ನಿಮ್ಮಣ್ಣನೂ ಹಿಂಗ ಪ್ರಸಾದಾ ತಿಂದು ಸತ್ತನೇನು? ಆವತ್ತು ನನಗ್ಯಾಕ ಕೇಳಾಕ ಬುದ್ಧಿ ಬರಲಿಲ್ಲೋ!

ಇವತ್ತಿಂದ ಎಲ್ಲಾ ಬಂದ್. ಹಾಲು, ಹಣ್ಣು, ಉತ್ತತ್ತಿ, ಮಾದಲಿ, ಎಲ್ಲಾ. ನಿನ್ನ ದೇವರು ಬರೇ ನೀರು, ಪತ್ರಿಗೂ ಒಲೀತಾನ, ಅಷ್ಟು ನನಗೂ ಗೊತ್ತೈತಿ. ಈ ಮಾತಿಗೆ ಸಿಟ್ಟು ಬಂದ್ರ ಬರ್ಲಿ. ನಿನಗ ಕಾಲು ಬೇಕೋ ಬಾಳಿಹಣ್ಣು ಬೇಕೋ, ಒಂದು ಹೇಳು.

ಸೂಜಿ ಮಾತ್ರ ಒಂದು ದಿನಾನೂ ತಪ್ಪಿಸಬ್ಯಾಡ.

ಕುತುಬುದ್ದೀನ


ಹಾನಗಲ್ಲ
೨೭–೧೦–೩೮

ಕುತುಬುದ್ದೀನ,

ನೀ ಹೇಳಿದಂಗ ಆತು. ಹತ್ತು ದಿನಾತು, ಲಿಂಗಕ್ಕ ನೀರು, ಪತ್ರಿ, ವಿಭೂತಿ. ಬ್ಯಾರೆ ಏನೂ ಇಲ್ಲ.

ನಮ್ಮಪ್ಪ ಸಾಯೂ ಮುಂದ ನನ್ನ ಕೈ ಹಿಡಕೊಂಡು, "ನೈವೇದ್ಯಾ ತಪ್ಪಿಸಬ್ಯಾಡ ಮಗನ" ಅಂದಿದ್ದ. ಇದನ್ನ ನಿನಗ ಹೇಳಿರಲಿಲ್ಲ. ಹೇಳಿದ್ರೂ ನೀ ಬಾಳಿಹಣ್ಣಿನ ಲೆಕ್ಕಾ ಮಾಡ್ತಿದ್ದಿ.

ಕೊಡೂದು ಕಡಿಮಿ ಆತಲ್ಲ, ಕುಂದ್ರೂದರ ಹೆಚ್ಚ ಮಾಡೂಣಂತ ಮುಂಜಾನಿ ಪೂಜಾ ಎರಡು ತಾಸು ಮಾಡಾಕತ್ತೇನಿ. ಅದಕ್ಕೂ ನಿಮ್ಮ ಡಾಕ್ಟರ್ರ ಅಪ್ಪಣಿ ಬೇಕೇನು? ಸೂಜಿ ತಪ್ಪಿಸಿಲ್ಲ, ಮೂವತ್ತೈದು.

ಬಾಟ್ಲಿ ಕಳಸೇನಿ, ಅರಿವಿ ಸುತ್ತಿ. ಇನ್ನ ನಾನಾಗಿ ಪತ್ರಾ ಬರಿಯಂಗಿಲ್ಲ.

ಕರಬಸಪ್ಪ


ಸವಣೂರು
೫ ನವ್ಹೆಂಬರ ೧೯೩೮

ದೋಸ್ತ ಕರಬಸಪ್ಪ,

ನೀಲಿ! ಆಕಾಶದಂಥಾ ನೀಲಿ! ಮೂರು ಸಲ ಕುದಿಸಿ ನೋಡೇನಿ, ಮೂರು ಸಲಾನೂ ನೀಲಿ. ರೋಜಾ ಹಿಡದು ನಾಲಿಗಿ ಒಣಗಿತ್ತು, ಆದರೂ ದವಾಖಾನಿ ತುಂಬ ಕೂಗಾಡಿದೆ.

ನಿಮ್ಮಪ್ಪನ ಮಾತು ನನಗ ಗೊತ್ತಿದ್ದಿಲ್ಲ. ಬರದದ್ದು ಬರದೇನಿ, ಹಿಂದಕ್ಕ ತಗೊಳಾಕ ಬರಂಗಿಲ್ಲ. ಹಂಗಂತ ಮಾರಿ ಊದಿಸಿಕೊಂಡು ಕುಂದ್ರಬ್ಯಾಡ. ಗಾಯ ಹ್ಯಾಂಗೈತಿ ಬರಿ.

ಡಾಕ್ಟರ್ರು ಧಾರವಾಡಕ್ಕ ಮಗಳ ಬಾಣಂತನಕ್ಕ ಹೋಗ್ಯಾರ. ಬಂದ ಮ್ಯಾಲೆ ಗೆರಿ ಇಳಸೂದು ಕೇಳ್ತೇನಿ. ಅಲ್ಲೀ ತನಕ ಇದ್ದದ್ದ ಇರ್ಲಿ.

ಕುತುಬುದ್ದೀನ


ಹಾನಗಲ್ಲ
೧೭–೧೧–೩೮

ಪ್ರಿಯ ಕುತುಬು, ಶರಣು ಶರಣಾರ್ಥಿ.

ಬರಿಯಂಗಿಲ್ಲ ಅಂದಿದ್ದೆ, ಆದರ ಮನಸ್ಸು ತಡೀವಲ್ದು. ನಿನ್ನ ಮ್ಯಾಲಿನ ಸಿಟ್ಟೆಲ್ಲ ಹೋತು. ನೀ ನನಗ ಕೆಟ್ಟದ್ದು ಮಾಡಾಕ ಹೋಗಿ ಭಾಳ ದೊಡ್ಡ ಉಪಕಾರ ಮಾಡಿದಿ.

ಗಾಯ ಮಾಯಾಕತ್ತೇತಿ, ಅದು ಇರ್ಲಿ ಬಿಡು. ಮೂರು ವಾರಾತು, ಪೂಜಾಕ್ಕ ಕುಂತು ಒಂದು ತಾಸು ಆಗೂದರಾಗ ಮೈಯೊಳಗ ಏನೋ ಏಳತೈತಿ. ಮೊದಲ ಕೈ ಸಣ್ಣಗೆ ನಡಗತಾವ. ಆಮ್ಯಾಲೆ ಈ ಚಳ್ಯಾಗೂ ಬೆವರು, ಧೋತರ ತೊಯ್ಯೂವಷ್ಟು. ಎದಿ ಡವಡವ ಅಂತೈತಿ. ಅಂಗೈಯಾಗಿನ ಲಿಂಗ ಎರಡಾಗಿ ಕಾಣತೈತಿ, ಸುತ್ತಲೂ ಬೆಳ್ಳನ ಬೆಳಕು. ಆಮ್ಯಾಲೆ ನಾ ಇರಂಗಿಲ್ಲ. ಎಷ್ಟೋ ಹೊತ್ತಿನ ಮ್ಯಾಲೆ ಎಚ್ಚರಾದ್ರ ಕಣ್ಣಾಗ ನೀರು, ಯಾಕಂತ ತಿಳಿಯಂಗಿಲ್ಲ.

ಮಠದ ಅಯ್ಯನವರು ಕಣ್ಣಾರೆ ನೋಡಿದ್ರು. "ಕರಬಸಪ್ಪ, ನೈವೇದ್ಯಾ ಬಿಟ್ಟು ನಿನ್ನನ್ನ ನೀ ಎಡೆ ಮಾಡಿದಿ, ಅದಕ್ಕ ಲಿಂಗ ಒಲದಾನ" ಅಂದ್ರು. ಓಣ್ಯಾಗಿನ ಹೆಣ್ಣಮಕ್ಕಳು ನನ್ನ ಕಾಲಿಗೆ ಬೀಳಾಕತ್ತಾರ, ಅದ ಹುಣ್ಣಿನ ಕಾಲಿಗೆ. ಬರೂ ಸೋಮವಾರ ಕಾರ್ತೀಕದ ಕಡೀ ಸೋಮವಾರ, ಮುಂಜಾನಿ ಐವತ್ತು ಅರವತ್ತು ಮಂದಿ ನಮ್ಮನಿಯಾಗ ಕೂಡೂದೈತಿ. ಆವತ್ತು ಮೂರು ತಾಸು ಕುಂದ್ರಬೇಕಂತ ಮಾಡೇನಿ.

ಸೂಜಿ ಒಂದು ದಿನಾನೂ ತಪ್ಪಿಸಿಲ್ಲ. ಚಿಂತಿ ಮಾಡಬ್ಯಾಡ.

ನಿನ್ನ
ಕರಬಸಪ್ಪ


ಸವಣೂರು
ರವಿವಾರ, ೨೦ ನವ್ಹೆಂಬರ, ಮುಂಜಾನಿ
(ಗುದ್ಲೆಪ್ಪನ ಕೈಯಾಗ)

ಕರಬಸಪ್ಪ, ಇದನ್ನ ನಿಂತಲ್ಲೇ ಓದು. ಅದು ದೇವರಲ್ಲ. ಅದು ಸೂಜಿ.

ನಾಳೆ ಸೂಜಿ ಹಾಕ್ಕೋಬ್ಯಾಡ. ನಾಡಿದ್ದೂ ಬ್ಯಾಡ. ರಕ್ತದಾಗಿನ ಸಕ್ಕರಿ ಪೂರಾ ಇಳದ್ರ ಹಿಂಗ ಕೈ ನಡಗತಾವ, ಬೆವರು ಬರತೈತಿ, ಎಚ್ಚರ ತಪ್ಪತೈತಿ. ತಪ್ಪಿದ ಎಚ್ಚರ ಒಂದು ದಿನ ತಿರುಗಿ ಬರಂಗಿಲ್ಲ. ತಿಳೀತ? ನಡುಕ ಬಂದ ಕೂಡಲೇ ಬೆಲ್ಲಾ ಬಾಯಾಗ ಹಾಕ್ಕೋ, ಪೂಜಾ ನಡದಿದ್ರೂ ಸೈ, ಅಯ್ಯನವರು ಮುಂದ ಕುಂತಿದ್ರೂ ಸೈ. ಬ್ಯಾಡಂದಾಂವನೂ ನಾನ, ತಿನ್ನು ಅನ್ನಾಂವನೂ ನಾನ.

ಒಂದು ತಿಂಗಳಾತು ನಾನು ರೋಜಾ ಹಿಡದು ಹಸಿದು ಕುಂತೇನಿ, ನನಗ ಯಾವ ಬೆಳಕೂ ಕಂಡಿಲ್ಲ.

ಡಾಕ್ಟರ್ರು ಊರಾಗಿಲ್ಲ, ದವಾಖಾನಿ ನನ್ನ ಮ್ಯಾಲೈತಿ, ಅವರು ಇವತ್ತು ಸಂಜೀಕ ಬರ್ತಾರ. ನಾಳೆ ಮೊದಲನೇ ಮೋಟರಿಗೆ ನಾ ಬರ್ತೇನಿ. ನಾ ಬರೂತನಕ ಸೂಜಿ ಮುಟ್ಟಬ್ಯಾಡ, ನಿನ್ನ ಕಾಲಿಗೆ ಬೀಳ್ತೇನಿ.

ಕುತುಬುದ್ದೀನ


ಹಾನಗಲ್ಲ
೨–೧೨–೩೮

ಕುತುಬುದ್ದೀನಗ,

ಜೀವಂತ ಅದೇನಿ. ಗಾಯ ಒಣಗೇತಿ. ಇದನ್ನ ಕೇಳಾಕ ನೀ ಮೂರು ಪತ್ರಾ ಬರದಿ, ಅದಕ್ಕ ಉತ್ತರಾ ಇದು.

ಆವತ್ತು ಏನಾತು ಅಂತ ನನಗ ಮಂದಿ ಹೇಳಿದ್ದಷ್ಟ ಗೊತ್ತು. ಭಜನಿ ನಡದಿತ್ತಂತ. ನೀ ಚಪ್ಪಲಿ ಬಿಟ್ಟು ಓಡಿ ಬಂದು, ಮಂದಿನ್ನ ಹಾದು, ನನ್ನ ದವಡಿ ಬಿಡಿಸಿ ಬೆಲ್ಲದ ನೀರು ಹಾಕಿದ್ಯಂತ. ಅಯ್ಯನವರಿಗೆ "ದೂರ ಸರೀರಿ!" ಅಂತ ಒದರಿದ್ಯಂತ. ನಾ ಕಣ್ಣು ತಗದಾಗ ಕಂಡದ್ದು ನಿನ್ನ ಗಡ್ಡ. ನನ್ನ ಗದ್ದದ ಮ್ಯಾಲಿಂದ ಬೆಲ್ಲದ ನೀರು ಇಳೀತಿತ್ತು, ಲಿಂಗ ಚಾಪಿ ಮ್ಯಾಲೆ ಬಿದ್ದಿತ್ತು, ಅರವತ್ತು ಮಂದಿ ಸುತ್ತಲೂ ನಿಂತು ನೋಡತಿದ್ರು.

ಈಗ ಯಾರೂ ಬರಂಗಿಲ್ಲ. "ಸಾವ್ಕಾರಗ ಬಂದದ್ದು ದೇವರಲ್ಲಂತ, ಚಕ್ಕರ ಅಂತ" ಅಂತ ಬಾಂವಿ ಕಟ್ಟಿ ಮ್ಯಾಲೆ ನಗತಾರಂತ. ನೀ ಹೋದಾಗಿಂದ ಸೂಜಿ ಮುಟ್ಟಿಲ್ಲ. ಪೂಜಾಕ್ಕ ಕುಂತ್ರ ಬರೇ ಕಲ್ಲು ಕಾಣತೈತಿ.

ಜೀವಾ ಉಳಿಸಿದಿ ಅಂತ ಎಲ್ಲಾರೂ ಅಂತಾರ. ನನಗ ಇನ್ನೂ ಅನ್ನಾಕ ಆಗವಲ್ದು.

ಕರಬಸಪ್ಪ


ಸವಣೂರು
೫ ಡಿಸೆಂಬರ ೧೯೩೮

ದೋಸ್ತ,

ನೀ ಬೈದದ್ದು ಸಾಲದು. ಬೈಯಾಕ ಬೇಕಾದದ್ದು ನಿನಗ ಗೊತ್ತಿಲ್ಲ, ಅದನ್ನ ನಾನ ಹೇಳ್ತೇನಿ.

ಅಕ್ಟೋಬರ ಹದಿನಾರಕ್ಕ ನಿನಗ ಅಷ್ಟುದ್ದ ಪತ್ರಾ ಬರದೆ. ಸಕ್ಕರಿ ಬಿಡು ಅಂದೆ. ಸಕ್ಕರಿ ಬಿಟ್ಟ ದಿನಾನ ಗೆರಿ ಇಳಿಸಬೇಕು, ಅದು ಕಂಪೌಂಡರಕಿ ಕಲಿಯಾಕ ಬಂದ ಹೊಸಬಗೂ ಗೊತ್ತಿರತೈತಿ. ಅಷ್ಟು ಬರದು, ಆ ಒಂದು ಸಾಲು ಬರೀಲಿಲ್ಲ. ಬೈಯೂ ಹುಮ್ಮಸಿನ್ಯಾಗ ಮರತೆ. ಆಮ್ಯಾಲೆ ನೀಲಿ ಬಂತಂತ ಕುಣದೆ, "ಇದ್ದದ್ದ ಇರ್ಲಿ" ಅಂದೆ. ಪ್ರಸಾದಾ ನೀ ಮುಚ್ಚಿಟ್ಟಿ ಅಂತ ಅಷ್ಟು ಕೂಗಾಡಿದೆನಲ್ಲ, ಮೂವತ್ತೈದು ಗೆರಿ ಚುಚ್ಚಿ ನಿನ್ನನ್ನ ಹಸಿವೀಲೆ ಕುಂದರಿಸಿದಾಂವ ನಾನು. ಡಾಕ್ಟರ್ರ ಮುಂದ ಒಪ್ಪಿಕೊಂಡೇನಿ.

ಇಷ್ಟರ ಮ್ಯಾಲೆ ಆ ಹಲಕಟ್ಟ ಗುದ್ಲೆಪ್ಪ! ರವಿವಾರ ಕೊಟ್ಟ ಚೀಟಿ ನಿನಗ ಮುಟ್ಟಿಸಲಾರದ ಹೋದ. ಮುಟ್ಟಿಸೇನ್ರಿ ಅಂತ ಆಣಿ ಮಾಡ್ತಾನ, ಸುಳ್ಳ. ಬಂಕಾಪುರದ ಸ್ಟ್ಯಾಂಡಿನ್ಯಾಗ ನಾಕು ಮಂದಿ ಮುಂದ ಅವನ ಮಾನಾ ಕಳದೇನಿ.

ಸೂಜಿ ಪೂರಾ ಬಿಡಬ್ಯಾಡೋ. ಬಾಟ್ಲಿ ಕಳಸು. ಇನ್ನ ಮ್ಯಾಲೆ ಗೆರಿ ನಾ ಹೇಳಂಗಿಲ್ಲ, ಡಾಕ್ಟರ್ರು ಬರದು ಕೊಟ್ಟದ್ದನ್ನ ಕಳಸ್ತೇನಿ. ನನ್ನ ಮಾತು ನಂಬು ಅಂತ ಯಾವ ಬಾಯಿಂದ ಹೇಳ್ಲಿ?

ಕುತುಬುದ್ದೀನ


ಹಾನಗಲ್ಲ
೧೨–೧೨–೩೮

ಕುತುಬು,

ಗುದ್ಲೆಪ್ಪನ ಮನಿಗೆ ಹೋಗಿ ಮಾಫಿ ಕೇಳು. ನಿನ್ನ ಚೀಟಿ ರವಿವಾರ ಸಂಜಿ ನಾಕಕ್ಕ ನನ್ನ ಕೈ ಸೇರಿತ್ತು. ನಿಂತಲ್ಲೇ ಓದು ಅಂದಿದ್ದಿ, ನಿಂತಲ್ಲೇ ಓದಿದೆ. ಮಡಚಿ ಅಂಗಿ ಕಿಸೇದಾಗ ಇಟ್ಕೊಂಡೆ. ಮುಂಜಾನಿ ಎದ್ದು ಮೂವತ್ತೈದು ಗೆರಿ ಹಾಕ್ಕೊಂಡೆ.

ಚೀಟಿ ಓದೂಕಿಂತ ಮೊದಲ ನನಗ ಗೊತ್ತಿತ್ತು. ಮೂರನೇ ದಿನಕ್ಕ ವೀರವ್ವಗ ಗೊತ್ತಾಗಿತ್ತು. ನಾ ಮೈಮರತಾಗ ಆಕಿ ಒಂದು ಚಮಚಾ ಬೆಲ್ಲದ ನೀರು ತುಟಿಗೆ ಹಚ್ಚತಿದ್ಲು, ನನಗ ಎಚ್ಚರ ಆಗತಿತ್ತು. ಅದನ್ನ ನೋಡೂ ಕಣ್ಣು ನನಗೂ ಇತ್ತಲ್ಲ. ಚಮಚಾ ಬೆಲ್ಲದ ನೀರಿಗೆ ಯಾವ ದೇವರು ಎದ್ದು ಹೋಗ್ತಾನ? ಆದರ ನಿನಗ ತಿಳಿಸಬಾರದು ಅಂತ ಆಕಿಗೆ ಆಣಿ ಹಾಕಿದ್ದೆ. ಆ ಸೋಮವಾರ ಮಂದಿ ಮುಂದ ಆಕಿ ಚಮಚಾ ಹಿಡಕೊಂಡು ಬರಬಾರದಂತ, "ನೀ ಅಡಿಗಿಮನಿಯಾಗ ಇರು, ಕರೀದ ಬರಬ್ಯಾಡ" ಅಂದೆ. ನೀ ಬಂದಾಗ ಆಕಿ ಬಾಗಲಾ ಹಿಡಕೊಂಡು ನಿಂತಿದ್ಲಂತ, ಕೈಯಾಗ ವಾಟಗಾ. ನನ್ನ ಮಾತು ಮೀರಲಾರದ ನಿಂತಿದ್ಲು.

ಯಾಕ ಮಾಡಿದಿ ಅಂತ ಕೇಳಬ್ಯಾಡ, ನಾನ ಹೇಳ್ತೇನಿ. ಈ ಬ್ಯಾನಿ ಬಂದಾಗಿಂದ ಅನ್ನ ಹೋತು, ಚಹಾ ಹೋತು, ಅಪ್ಪಗ ಕೊಟ್ಟ ಮಾತು ಹೋತು. ನೀನು, ಡಾಕ್ಟರ್ರು, ವೀರವ್ವ, ಎಲ್ಲಾರೂ ಬಿಡು ಬಿಡು ಅನ್ನಾವ್ರ. ಆ ಮೂರು ವಾರ ಒಬ್ಬರೂ ನನಗ ಏನೂ ಬಿಡು ಅನ್ನಲಿಲ್ಲ. ಸುಳ್ಳಂತ ಗೊತ್ತಿತ್ತೋ, ಆದರೂ ಬಿಡಾಕ ಆಗಲಿಲ್ಲ.

ನಿನ್ನ ತಪ್ಪು ನೀ ಬರದಿ. ನಂದು ನಾ ಬರದೇನಿ. ವೀರವ್ವ ಆವತ್ತಿಂದ ನನ್ನ ಜೋಡಿ ಮಾತಾಡಿಲ್ಲ. ಇವತ್ತು ಬಾಟ್ಲಿಗೆ ಅರಿವಿ ಸುತ್ತಿ ತಾನ ತಂದು ಮುಂದ ಇಟ್ಲು, ಅದಕ್ಕ ಕಳಸೇನಿ.

ಎಷ್ಟು ಗೆರಿ ಅಂತ ಬರಿ. ಡಾಕ್ಟರ್ರ ಚೀಟಿ ಬ್ಯಾಡ, ನಿನ್ನ ಕೈಲೆ ಬರಿ. ಬೈಗುಳ ಮಾತ್ರ ಬರೀಬ್ಯಾಡ, ಇದೊಂದು ಸಲ.

ಕರಬಸಪ್ಪ


ಸವಣೂರು
೧೬ ಡಿಸೆಂಬರ ೧೯೩೮

ದೋಸ್ತ ಕರಬಸಪ್ಪ,

ಹಸರು ಬಂತು. ಎಂಟು ಗೆರಿ.

ಪೂಜಾ ಮೊದಲ ಮುಗಿಸು. ತಾಟು ಮುಂದ ಬಂದ ಮ್ಯಾಲೆ ಸೂಜಿ, ಸೂಜಿ ಆದ ಕೂಡಲೇ ರೊಟ್ಟಿ. ಪಥ್ಯಾ ಹಿಂಗ ನಡಸಿದ್ರ ಯುಗಾದಿ ಹೊತ್ತಿಗೆ ಆ ಎಂಟೂ ಬಿಡಿಸಬಹುದು, ಆದರ ನೀಲಿ ಬಂದ್ರಷ್ಟ. ವೀರವ್ವಕ್ಕ ಬಾಜೂಕ ಇರ್ಲಿ, ಚಮಚಾ ಆಕಿ ಕೈಯಾಗ ಇರ್ಲಿ. ಗುದ್ಲೆಪ್ಪನ ಕಾಲು ಹಿಡದು ಬಂದೇನಿ.

ಬೈಗುಳ ಬರೀಬ್ಯಾಡ ಅಂದಿ. ನಾಕು ಪತ್ರಾ ಹರದು ಒಲಿಗೆ ಹಾಕೇನಿ. ಇದು ಐದನೇದು.

ಕುತುಬುದ್ದೀನ